ಹಳೆ ಬೈಕಿನ ಮೋಟೋಕ್ರಾಸ್: ಒಂದು ಸೀಸನ್ನಿಗೆ ಎಷ್ಟು ಬೀಳುತ್ತೆ, ಊರವರಿಗೆ ತಿಳಿಸೋದು ಹೇಗೆ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಹಳೆ ಟೂ ಸ್ಟ್ರೋಕ್ ಗಾಡಿಗಳಿಗೇ ಅಂತ ಒಂದು ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ನಡೆಸುವ ಯೋಚನೆ ಇದೆ. ಆರು ಜನ ಇದ್ದೇವೆ, ಗಾಡಿ ನಾಲ್ಕು: ಒಂದು ಯೆಜ್ಡಿ ರೋಡ್‌ಕಿಂಗ್, ಎರಡು ಆರ್‌ಎಕ್ಸ್ 100, ಒಂದು ಕೆಬಿ 100. ನಾಲ್ಕಕ್ಕೂ ಆರ್‌ಸಿ ಇದೆ, ನಾಲ್ಕೂ ಸ್ಟಾರ್ಟ್ ಆಗುತ್ತವೆ. ಮಣ್ಣಿಗೆ ಇಳಿಸಿದ್ದಿಲ್ಲ.

ಒಂದು ಗಾಡಿ ತಯಾರು ಮಾಡಿ ವರ್ಷಕ್ಕೆ ನಾಲ್ಕು ರೇಸ್ ಓಡಿಸಲು ನಿಜವಾಗಿ ಎಷ್ಟು ಖರ್ಚಾಗುತ್ತೆ? ದುಡ್ಡು ಎಲ್ಲಿ ಹೋಗುತ್ತೆ, ಯಾವುದು ಮೊದಲು ಕೈ ಕೊಡುತ್ತೆ ಅಂತ ಅಂದಾಜಿರುವವರು ಬಿಡಿಸಿ ಹೇಳಿ. ಎರಡನೆಯದು ನಮಗೆ ಇನ್ನೂ ಕಷ್ಟದ್ದು. ಊರಲ್ಲಿ ಈ ಆಟದ ಬಗ್ಗೆ ಯಾರಿಗೂ ಗೊತ್ತಿಲ್ಲ. ಹಳೆ ಬೈಕಿನ ರೇಸ್ ಅಂದರೆ ಸೈಲೆನ್ಸರ್ ಕಿತ್ತು ಪೇಟೆಯಲ್ಲಿ ಸದ್ದು ಮಾಡೋದು ಅಂತಲೇ ತಿಳಿದುಕೊಳ್ಳುತ್ತಾರೆ. ಜಾಗ ಕೊಡುವವರು, ಬಹುಮಾನಕ್ಕೆ ಕೈ ಜೋಡಿಸುವ ಅಂಗಡಿಯವರು, ಠಾಣೆಯವರು, ಇವರಿಗೆಲ್ಲ ಏನು ಹೇಳಿದರೆ ಅರ್ಥವಾಗುತ್ತೆ?


ಕಡ್ಡಿಚಕ್ರ (ಶಿವಮೊಗ್ಗ)

ಖರ್ಚಿನ ಲೆಕ್ಕ ನಾನು ಹೇಳ್ತೇನೆ. ಗಾಡಿ ಕೈಯಲ್ಲೇ ಇದೆ ಅಂದಮೇಲೆ ದೊಡ್ಡ ಭಾರ ಇಳಿದಂತೆ. ಇವತ್ತು ಕಾಗದಪತ್ರ ಸರಿ ಇರುವ ಆರ್‌ಎಕ್ಸ್ 100 ಬೇಕೆಂದರೆ ಲಕ್ಷದ ಮಾತಾಡುತ್ತಾರೆ. ಆ ಬೆಲೆ ರಸ್ತೆಯ ಮೋಹದ್ದು, ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಹೊಸದಾಗಿ ಸೇರುವವರಿಗೆ ಕೆಬಿ 100, ಸುಜುಕಿ ಮ್ಯಾಕ್ಸ್ 100, ರಾಜ್‌ದೂತ್ 175 ಹುಡುಕಲು ಹೇಳಿ. ಅರ್ಧ ಬೆಲೆಗೂ ಸಿಗುತ್ತವೆ. ಆರ್‌ಸಿ ಇಲ್ಲದ ಗಾಡಿ ಗುಜರಿಯಿಂದ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಚಾಸಿ ನಂಬರ್ ಯಾರದ್ದೋ ಕಳವು ದೂರಿನಲ್ಲಿ ಇದ್ದರೆ ಇಡೀ ಕೂಟಕ್ಕೆ ಕೆಟ್ಟ ಹೆಸರು.

ಈಗ ಒಂದು ಆರ್‌ಎಕ್ಸ್ 100 ತಯಾರಿಯ ಅಂದಾಜು, ಶಿವಮೊಗ್ಗದ ಲೇತ್ ಮತ್ತು ಗ್ಯಾರೇಜ್ ಕೂಲಿ ಸೇರಿಸಿ. ಇಂಜಿನ್ ಪೂರ್ತಿ ಬಿಚ್ಚಿ ಬೋರ್, ಪಿಸ್ಟನ್ ಕಿಟ್, ಕನೆಕ್ಟಿಂಗ್ ರಾಡ್ ಕಿಟ್ ಹಾಕಿ ಕ್ರ್ಯಾಂಕ್ ಪ್ರೆಸ್ ಮಾಡಿಸಿ, ಬೇರಿಂಗ್, ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಕಾರ್ಬರೇಟರ್ ವರೆಗೆ ಸುಮಾರು 16,000 ರೂಪಾಯಿ. ಹಿಂದಿನ ಶಾಕ್ ಜೋಡಿ, ಮುಂದಿನ ಫೋರ್ಕ್ ಸೀಲ್, ಸ್ಪ್ರಿಂಗ್, ಆಯಿಲ್‌ಗೆ 10,000. ಮಣ್ಣು ಹಿಡಿಯುವ ನಾಬಿ ಟೈರ್ ಎರಡು, ದಪ್ಪ ಟ್ಯೂಬ್, ರಿಮ್, ಹೊಸ ಕಡ್ಡಿಗಳಿಗೆ 13,000. ಹ್ಯಾಂಡಲ್, ಮಡಚುವ ಫುಟ್‌ರೆಸ್ಟ್, ಚಾಸಿಗೆ ಪ್ಲೇಟ್ ವೆಲ್ಡಿಂಗ್‌ಗೆ 7,000. ಒಟ್ಟು 46,000.

ಇದರಲ್ಲಿ ಎಲ್ಲರೂ ಮರೆಯುವ ಲೆಕ್ಕ ಓಡಿಸುವವನ ಮೈ ಮೇಲಿನದು. ಮೋಟೋಕ್ರಾಸ್ ಹೆಲ್ಮೆಟ್, ಗಾಗಲ್, ಬೂಟು, ಮಂಡಿ ಗಾರ್ಡ್, ಎದೆ ಗಾರ್ಡ್, ಕುತ್ತಿಗೆ ಪಟ್ಟಿ, ಗ್ಲೌಸ್ ಎಲ್ಲ ಸೇರಿ 40,000 ಹತ್ತಿರ ಬೀಳುತ್ತೆ. ಬೂಟು ಒಂದೇ 15,000 ದಾಟುತ್ತೆ. ಗಮ್ ಬೂಟಿನಲ್ಲಿ ಇಳಿಯಲು ಯಾರಿಗೂ ಬಿಡಬೇಡಿ. ಹಳೆ ಗಾಡಿಯ ಫುಟ್‌ರೆಸ್ಟ್ ಮತ್ತು ಕಿಕ್ಕರ್ ನಡುವೆ ಕಾಲು ಸಿಕ್ಕಿದರೆ ಪಾದದ ಗಂಟು ಮುರಿಯುತ್ತೆ, ಗಮ್ ಬೂಟು ಅದನ್ನು ಏನೂ ತಡೆಯುವುದಿಲ್ಲ. ದುಡ್ಡು ಕಮ್ಮಿ ಇದ್ದರೆ ಟೈರ್ ಹಳೆಯದಿರಲಿ, ಬೂಟು ಹೊಸದಿರಲಿ.

ರೇಸ್ ದಿನದ ಖರ್ಚು: ಎಂಟ್ರಿ 1,500, ಪಿಕಪ್ ಬಾಡಿಗೆ 3,500, ಪೆಟ್ರೋಲ್ 8 ಲೀಟರ್ ಮತ್ತು ಟೂಟಿ (ಟೂ ಸ್ಟ್ರೋಕ್) ಆಯಿಲ್ 1,050, ಪ್ಲಗ್ ಎರಡು 300, ಕೇಬಲ್, ಲಿವರ್, ಬ್ರೇಕ್ ಶೂ ಅಂತ 800, ಎರಡು ರೇಸಿಗೊಮ್ಮೆ ಪಿಸ್ಟನ್ ರಿಂಗ್ ಬದಲಿಸಿದರೆ ಒಂದು ರೇಸಿನ ಪಾಲಿಗೆ 400. ಒಟ್ಟು 7,550. ನಾಲ್ಕು ರೇಸಿಗೆ 30,200. ಒಂದು ಪಿಕಪ್‌ನಲ್ಲಿ ಎರಡು ಗಾಡಿ ಹಾಕಿದರೆ ತಲಾ 7,000 ಉಳಿಯುತ್ತೆ. ಎಲ್ಲಕ್ಕಿಂತ ಸುಲಭದ ಉಳಿತಾಯ ಅದೇ.

ಮೊದಲ ವರ್ಷ ಇಂಜಿನ್ ಒಮ್ಮೆಯೂ ಸೀಜ್ ಆಗದೆ (ಪಿಸ್ಟನ್ ಕಚ್ಚಿ ನಿಲ್ಲದೆ) ಹೋದರೆ ಮಾತ್ರ ಈ ಲೆಕ್ಕ. ಸೀಜ್ ಆಯಿತೋ, ಬೋರ್ ಮತ್ತು ಪಿಸ್ಟನ್‌ಗೆ ಪ್ರತಿ ಸಲ 3,500ರಿಂದ 4,000 ಇಟ್ಟುಕೊಳ್ಳಿ. ಅದೂ ಬೋರ್ ದೊಡ್ಡದು ಮಾಡೋದು 0.25, 0.50, 0.75, 1.00 ಎಂಎಂ ಅಂತ ನಾಲ್ಕು ಮೆಟ್ಟಿಲು ಮಾತ್ರ. ಆಮೇಲೆ ಸ್ಲೀವ್ (ಒಳಗೆ ಹೊಸ ಕೊಳವೆ) ಹಾಕಿಸಬೇಕು.


ನೀಲಿಹೊಗೆ (ಸಾಗರ)

ಕಡ್ಡಿಚಕ್ರ ಅಣ್ಣ ಲೆಕ್ಕ ಸರಿ ಹೇಳಿದ್ದಾರೆ. ಸೀಜ್ ಯಾಕಾಗುತ್ತೆ ಅನ್ನೋದನ್ನು ಬಿಡಿಸಿ ಹೇಳಬೇಕು, ಯಾಕಂದ್ರೆ ಹೊಸಬರ ದುಡ್ಡು ತಿನ್ನೋದು ಅದೇ.

ಆರ್‌ಎಕ್ಸ್ 100ರಲ್ಲಿ ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸೋದು ವಾಡಿಕೆ. ಪಂಪಿನ ಕೇಬಲ್ ಸಡಿಲಾದರೆ ಮಣ್ಣಿನಲ್ಲಿ ಗೊತ್ತಾಗೋದಿಲ್ಲ, ಅದಕ್ಕೆ. ಪಂಪ್ ತೆಗೆದ ಮೇಲೆ ಎರಡು ಕೆಲಸ ಬಾಕಿ ಉಳಿಯುತ್ತೆ. ಪಂಪ್ ಕೂತಿದ್ದ ಜಾಗಕ್ಕೆ ಗ್ಯಾಸ್ಕೆಟ್ ಇಟ್ಟು 3 ಎಂಎಂ ಅಲ್ಯೂಮಿನಿಯಂ ಪ್ಲೇಟ್ ಮುಚ್ಚಬೇಕು. ಪಂಪಿನಿಂದ ಇನ್‌ಟೇಕ್ ಕಡೆ ಬರುತ್ತಿದ್ದ ತೆಳು ಪೈಪಿನ ಮೂತಿಯನ್ನು ಗಟ್ಟಿಯಾಗಿ ಮುಚ್ಚಬೇಕು. ಈ ಎರಡನೆಯದನ್ನು ಬಿಡುವವರೇ ಹೆಚ್ಚು. ಬೆಂಕಿಕಡ್ಡಿ ಗಾತ್ರದ ಆ ತೂತಿನಿಂದ ಗಾಳಿ ಎಳೆದುಕೊಂಡು ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗುತ್ತೆ (ಪೆಟ್ರೋಲ್ ಪಾಲು ಕಮ್ಮಿ), ಮೂರನೇ ಸುತ್ತಿಗೆ ಪಿಸ್ಟನ್ ಹಿಡಿಯುತ್ತೆ. ಬಿಚ್ಚಿ ನೋಡಿದರೆ ಎಕ್ಸಾಸ್ಟ್ ಕಡೆ ಮಾತ್ರ ಗೀರು ಇರುತ್ತೆ. ನಾಲ್ಕೂ ಮೂಲೆಯಲ್ಲಿ ಗೀರಿದ್ದರೆ ಕಾರಣ ಬೇರೆ: ತಣ್ಣಗಿನ ಇಂಜಿನ್ನನ್ನು ಬಿಸಿ ಮಾಡದೆ ಫುಲ್ ಕೊಟ್ಟಿದ್ದಾರೆ ಅಂತ. ಬ್ಯಾರಲ್ (ಪಿಸ್ಟನ್ ಓಡುವ ಸಿಲಿಂಡರ್) ಹಿಗ್ಗುವ ಮೊದಲೇ ಪಿಸ್ಟನ್ ಹಿಗ್ಗಿರುತ್ತೆ.

ಪೆಟ್ರೋಲಿಗೆ ಆಯಿಲ್ ಬೆರೆಸುವ ಅಳತೆ 1:25, ಅಂದರೆ ಲೀಟರಿಗೆ 40 ಎಂಎಲ್, 5 ಲೀಟರ್ ಕ್ಯಾನಿಗೆ 200 ಎಂಎಲ್. ಬಾಟಲಿ ಮುಚ್ಚಳದ ಅಳತೆ ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ 50 ಎಂಎಲ್ ಸಿರಿಂಜ್ ತಂದಿಟ್ಟುಕೊಳ್ಳಿ. ಯೆಜ್ಡಿಗೆ ಎರಕದ ಕಬ್ಬಿಣದ ಬ್ಯಾರಲ್ ಇರೋದರಿಂದ, ಗದ್ದೆಯಲ್ಲಿ ವೇಗ ಕಮ್ಮಿಯಾಗಿ ಗಾಳಿ ತಾಗದ ಕಾರಣ, 1:20 ಅಂದರೆ ಲೀಟರಿಗೆ 50 ಎಂಎಲ್ ಇಡಿ. ಸ್ವಲ್ಪ ಹೊಗೆ ಹೆಚ್ಚು, ಅಷ್ಟೇ.

ಈಗ ಪೆಟ್ರೋಲ್ ವಿಷಯ. ಬಂಕಿನಲ್ಲಿ ಸಿಗೋದು 20 ಶೇಕಡಾ ಎಥನಾಲ್ ಬೆರೆಸಿದ್ದು. ಇದರಿಂದ ಮೂರು ತೊಂದರೆ. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಕಾರ್ಬರೇಟರಿನ ಅದೇ ಜೆಟ್‌ನಲ್ಲಿ (ಪೆಟ್ರೋಲ್ ಬಿಡುವ ತೂತು) ಮಿಶ್ರಣ ತೆಳುವಾಗುತ್ತೆ. ಮೇನ್ ಜೆಟ್ 100 ಇದ್ದರೆ 105 ಅಥವಾ 110 ಹಾಕಿ ಪ್ಲಗ್ ಬಣ್ಣ ನೋಡಿ. ಹಳೆ ರಬ್ಬರ್ ಪೈಪು, ಫ್ಲೋಟ್ ನೀಡಲ್‌ನ ತುದಿ ಊದಿಕೊಳ್ಳುತ್ತೆ, ಅವನ್ನು ಹೊಸದು ಹಾಕಿ. ಮೂರನೆಯದು ಮಲೆನಾಡಿಗೇ ಹೆಚ್ಚು ಅನ್ವಯಿಸುವಂಥದ್ದು: ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಗಾಡಿ ಕೊಟ್ಟಿಗೆಯಲ್ಲಿ ಎರಡು ತಿಂಗಳು ನಿಂತರೆ, ಇಲ್ಲವೇ ಪ್ರೆಷರ್ ವಾಷ್ ಮಾಡುವಾಗ ಮುಚ್ಚಳದ ತೂತಿನಿಂದ ನೀರು ಇಳಿದರೆ, ನೀರೂ ಎಥನಾಲೂ ಕೂಡಿ ಬೇರ್ಪಟ್ಟು ತಳಕ್ಕೆ ಕೂರುತ್ತೆ. ಆಯಿಲ್ ಮಾತ್ರ ಮೇಲಿನ ಪೆಟ್ರೋಲ್ ಜೊತೆ ಉಳಿಯುತ್ತೆ. ಟ್ಯಾಂಕಿನ ಕಾಕ್ ಎಳೆಯೋದು ತಳದಿಂದ. ಅಂದರೆ ಇಂಜಿನ್ನಿಗೆ ಹೋಗೋದು ಆಯಿಲ್ ಇಲ್ಲದ ನೀರು ಬೆರೆತ ಎಥನಾಲ್.

ಇದನ್ನು ಕಣ್ಣಾರೆ ನೋಡಬೇಕಾದರೆ ಅಳತೆ ಗೆರೆ ಇರುವ ಗಾಜಿನ ಜಾಡಿಗೆ 100 ಎಂಎಲ್ ಪೆಟ್ರೋಲ್, 10 ಎಂಎಲ್ ನೀರು ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ತಳದ ಪದರ 10 ಇರಬೇಕಾದ್ದು 30ರ ಹತ್ತಿರ ಬಂದಿರುತ್ತೆ. ಹೆಚ್ಚಾದದ್ದು ಎಥನಾಲ್. ಹೀಗೆ ನೀರು ಹಾಕಿ ಎಥನಾಲ್ ತೆಗೆದ ಪೆಟ್ರೋಲನ್ನು ರೇಸಿಗೆ ಬಳಸುವವರೂ ಇದ್ದಾರೆ, ಅದು ಬೇಡ. ಆಕ್ಟೇನ್ ಇಳಿದು ಇಂಜಿನ್ ಕುಟ್ಟುತ್ತೆ. ಆ ವಾರ ತಂದ ಪೆಟ್ರೋಲನ್ನು ಅದೇ ವಾರ ಮುಗಿಸಿ, ರೇಸ್ ಮುಗಿದ ಸಂಜೆ ಟ್ಯಾಂಕ್ ಮತ್ತು ಕಾರ್ಬರೇಟರ್ ಬಟ್ಟಲು ಎರಡನ್ನೂ ಖಾಲಿ ಮಾಡಿ.

ಇಂಜಿನ್ ಕಟ್ಟಿದ ಮೇಲೆ, ಗಾಡಿಗೆ ಕೂರಿಸುವ ಮೊದಲು, ಸೋರಿಕೆ ಪರೀಕ್ಷೆ ಮಾಡಲೇಬೇಕು. ಟೂ ಸ್ಟ್ರೋಕ್‌ನ ಕ್ರ್ಯಾಂಕ್ ಕೋಣೆ (ಪಿಸ್ಟನ್ ಕೆಳಗಿನ ಭಾಗ) ಗಾಳಿ ಹಿಡಿದಿಡಬೇಕು. ಆರ್‌ಎಕ್ಸ್‌ನಲ್ಲಿ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಎಳೆದು ಸೀಜ್, ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದು ಪ್ಲಗ್ ಒದ್ದೆ, ಹೊಗೆ ಮೋಡ. 6 ಪಿಎಸ್‌ಐ ಒತ್ತಡ 6 ನಿಮಿಷ ನಿಲ್ಲಬೇಕು, ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಇದಕ್ಕೆ ಬೇರೆ ಉಪಕರಣ ಬೇಡ. ಕೈಯಲ್ಲಿ ಒತ್ತುವ ಹಳೆ ಬಿಪಿ ಮೆಷಿನ್ನಿನ ಬುರುಡೆ ಮತ್ತು ಡಯಲ್ ಸಾಕು. ಡಯಲ್‌ನಲ್ಲಿ 300 ಅಂದರೆ ಸುಮಾರು 5.8 ಪಿಎಸ್‌ಐ.


ಯಾದವಗಿರಿ61 (ಮೈಸೂರು, ಮೂಲ ಹೊಸನಗರ)

ರೋಡ್‌ಕಿಂಗ್ ಬಗ್ಗೆ ಒಂದು ಬಿನ್ನಹ. ದಯವಿಟ್ಟು ಅದರ ಚಾಸಿ ಕತ್ತರಿಸಬೇಡಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇನ್ನು ಒಂದೇ ಒಂದು ಚಾಸಿ ಹೊಸದಾಗಿ ಬರೋದಿಲ್ಲ. ನಮ್ಮದೇ ನೆಲದಲ್ಲಿ ತಯಾರಾದ ಗಾಡಿ ಇದು. ರಸ್ತೆ ರೂಪಕ್ಕೆ ಮರಳಿಸಲು ಬರುವಂತೆ, ಬೋಲ್ಟ್ ಬಿಚ್ಚಿ ಹಾಕುವ ಬದಲಾವಣೆ ಮಾತ್ರ ಮಾಡಿ. ಮಡ್‌ಗಾರ್ಡ್, ಲೈಟು, ಸೀಟು ಬಿಚ್ಚಿ ಹೆಸರು ಬರೆದು ಗೋಣಿಚೀಲದಲ್ಲಿ ಕಟ್ಟಿಡಿ. ವೆಲ್ಡಿಂಗ್ ಬೇಕಾದರೆ ಆರ್‌ಎಕ್ಸ್‌ಗೆ ಮಾಡಿ.

ಕಾನೂನಿನ ಕಡೆಯಿಂದಲೂ ಒಂದು ಮಾತು. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನವನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000 ರೂಪಾಯಿ. ಚಾಸಿ ಕತ್ತರಿಸಿದ ಗಾಡಿಗೆ ಆ ಬಾಗಿಲು ಮುಚ್ಚುತ್ತೆ. 1985ರಲ್ಲಿ ಬಂದ ಆರ್‌ಎಕ್ಸ್ 100 ಈ ಅರ್ಥದಲ್ಲಿ ವಿಂಟೇಜೇ ಅಲ್ಲ. ಹಾಗಾಗಿ ನಿಮ್ಮ ಕ್ಲಾಸಿಗೆ ವಿಂಟೇಜ್ ಅಂತ ಹೆಸರಿಟ್ಟರೆ ಮೊದಲ ದಿನವೇ ಜಗಳ. ಯುರೋಪಿನಲ್ಲಿ ಟ್ವಿನ್‌ಶಾಕ್ ಅಂತ ಕ್ಲಾಸ್ ಇದೆ: ಹಿಂದೆ ಎರಡು ಶಾಕ್, ಗಾಳಿಯಿಂದ ತಣಿಯುವ ಇಂಜಿನ್, ಎರಡೂ ಕಡೆ ಡ್ರಮ್ ಬ್ರೇಕ್. ಈ ಮೂರೇ ಷರತ್ತು. ನಿಮ್ಮ ನಾಲ್ಕೂ ಗಾಡಿ ಅದರೊಳಗೆ ಬರುತ್ತವೆ, ವರ್ಷದ ಗಲಾಟೆಯೂ ಇಲ್ಲ. ಒಳಗೆ 125 ಸಿಸಿ ವರೆಗೆ ಒಂದು, ಅದರ ಮೇಲೆ ಒಂದು ಅಂತ ಎರಡು ಭಾಗ ಮಾಡಿ. 140 ಕೆಜಿಯ ಯೆಜ್ಡಿಯನ್ನು 100 ಕೆಜಿಯ ಆರ್‌ಎಕ್ಸ್ ಜೊತೆ ಒಂದೇ ತಿರುವಿಗೆ ಬಿಡೋದು ಸರಿಯಲ್ಲ.

ಯೆಜ್ಡಿ ಓಡಿಸುವವರಿಗೆ: ಅದರಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ಚೂ ತಾನೇ ಸ್ವಲ್ಪ ಬಿಡುತ್ತೆ. ದಪ್ಪ ಮೋಟೋಕ್ರಾಸ್ ಬೂಟಿನ ತುದಿ ಲಿವರ್ ಮೇಲೆ ಕೂತಿದ್ದರೆ ಓಡಿಸುವವನಿಗೆ ತಿಳಿಯದೆ ಕ್ಲಚ್ ಜಾರುತ್ತಿರುತ್ತೆ, ಎರಡೇ ಹೀಟ್‌ನಲ್ಲಿ (ರೇಸಿನ ಒಂದೊಂದು ಸರದಿ) ಪ್ಲೇಟ್ ಸುಟ್ಟು ವಾಸನೆ ಬರುತ್ತೆ. ಲಿವರನ್ನು ಒಂದು ಹಲ್ಲು ಮೇಲಕ್ಕೆ ಕೂರಿಸಿ, ಹೀಟ್ ಹೀಟ್‌ಗೂ ಅದರ ಬೋಲ್ಟ್ ಬಿಗಿ ನೋಡಿ. ಕಿಕ್ಕರೂ ಅದೇ ಲಿವರ್ ಆದ್ದರಿಂದ ಹಲ್ಲು ಸವೆದರೆ ಸ್ಟಾರ್ಟೂ ಇಲ್ಲ, ಗೇರೂ ಇಲ್ಲ. ಪ್ಲಗ್‌ಗೆ ಕಿಡಿ ಕೊಡಲು ಪಾಯಿಂಟ್ ಇರುವ ಗಾಡಿಯಾದರೆ ಗ್ಯಾಪ್ 0.4 ಎಂಎಂ, ಕಂಡೆನ್ಸರ್ ಒಂದು ಹೆಚ್ಚಿಗೆ ಜೇಬಲ್ಲಿರಲಿ. ಎರಡು ಸೈಲೆನ್ಸರ್‌ನ ಒಳಗಿನ, ಸದ್ದು ತಗ್ಗಿಸುವ ಬ್ಯಾಫಲ್ ತೆಗೆಯಬೇಡಿ. ತೆಗೆದರೆ ಶಕ್ತಿ ಬರುತ್ತೆ ಅನ್ನೋದು ತಪ್ಪು. ಟೂ ಸ್ಟ್ರೋಕ್‌ಗೆ ಎಕ್ಸಾಸ್ಟ್‌ನಿಂದ ಮರಳುವ ಒತ್ತಡದ ಅಲೆ ಬೇಕು, ಗದ್ದೆ ತಿರುವಿನಲ್ಲಿ ಬೇಕಾದ ಕೆಳಗಿನ ಎಳೆತ ಅದರಿಂದಲೇ.


ತುಂಗಾತೀರ

ಎಲ್ಲರಿಗೂ ಬಹಳ ಉಪಕಾರವಾಯ್ತು. ಯಾದವಗಿರಿ ಸರ್, ರೋಡ್‌ಕಿಂಗ್ ಚಾಸಿಗೆ ಕೈ ಹಾಕೋದಿಲ್ಲ, ಮಾತು ಕೊಡ್ತೇನೆ. ಟ್ವಿನ್‌ಶಾಕ್ ಹೆಸರು ಎಲ್ಲರಿಗೂ ಒಪ್ಪಿಗೆ ಆಯ್ತು. ಇನ್ನು ಸಸ್ಪೆನ್ಷನ್ ಮತ್ತು ಟ್ರ್ಯಾಕ್ ಬಗ್ಗೆ ಯಾರಾದರೂ ಹೇಳಿ. ನಮ್ಮ ಜಾಗ ಮೂರು ಎಕರೆ ಮೆಟ್ಟಿಲು ಗದ್ದೆ, ಒಂದು ಬದಿ ಜಂಬಿಟ್ಟಿಗೆ ದರೆ.


ಕೆಮ್ಮಣ್ಣು (ಕೊಪ್ಪ)

ಮೊದಲು ಒಂದು ವಿಷಯ ತಲೆಯಲ್ಲಿಡಿ. ಈಗಿನ ಮೋಟೋಕ್ರಾಸ್ ಬೈಕಿಗೆ 300 ಎಂಎಂ ಆಡುವ ಸಸ್ಪೆನ್ಷನ್ ಇದೆ. 1973ರಲ್ಲಿ ಹಾಕನ್ ಆಂಡರ್ಸನ್ ಯಮಹಾದ ಮೊನೊಶಾಕ್ (ಹಿಂದೆ ಒಂದೇ ಶಾಕ್) ಬೈಕಿನಲ್ಲಿ 250 ಸಿಸಿ ವಿಶ್ವ ಪ್ರಶಸ್ತಿ ಗೆದ್ದ ಮೇಲೆ ಎಲ್ಲ ಕಂಪನಿಗಳೂ ಉದ್ದ ಸಸ್ಪೆನ್ಷನ್ ಹಿಂದೆ ಬಿದ್ದವು. ಅದಕ್ಕೂ ಮೊದಲಿನ ಬೈಕುಗಳಿಗೆ ಅಮೆರಿಕದ ವಿಂಟೇಜ್ ಕೂಟದ ನಿಯಮದಲ್ಲಿ ಹಿಂದೆ 4 ಇಂಚು, ಮುಂದೆ 7 ಇಂಚಿನ ಮಿತಿ ಇದೆ. ನಿಮ್ಮ ಗಾಡಿಗಳಲ್ಲಿ ಅಷ್ಟೂ ಇಲ್ಲ. ಆದ್ದರಿಂದ ಜಂಪ್ ಕಟ್ಟಬೇಡಿ. ಜನ ಜಂಪ್ ಕೇಳುತ್ತಾರೆ, ಕೊಡಬೇಡಿ. ಗದ್ದೆಯ ಮೆಟ್ಟಿಲೇ ಸಾಕು. ಎರಡು ಗದ್ದೆ ನಡುವಿನ ಅಂಚನ್ನು ಒಡೆದು, ಒಂದು ಅಡಿ ಎತ್ತರಕ್ಕೆ ಕನಿಷ್ಠ ನಾಲ್ಕು ಅಡಿ ಉದ್ದದ ಇಳಿಜಾರು ಮಾಡಿ. ಸುತ್ತು 600 ಮೀಟರ್ ಆದರೆ ಸಾಕು, ಅಗಲ ಎಲ್ಲೂ 6 ಮೀಟರಿಗೆ ಕಮ್ಮಿ ಬೇಡ. ಸ್ಟಾರ್ಟ್ ಗೆರೆಯಲ್ಲಿ ಒಬ್ಬರಿಗೆ 1 ಮೀಟರ್ ಜಾಗ, ಮೊದಲ ತಿರುವು 80 ಮೀಟರಾದರೂ ದೂರ ಇರಲಿ. ಒಂದು ಹೀಟ್‌ಗೆ ಎಂಟೇ ಗಾಡಿ.

ಜಂಬಿಟ್ಟಿಗೆ ದರೆಯ ಪಕ್ಕ ಟ್ರ್ಯಾಕ್ ತರಬೇಡಿ. ಕಲ್ಲು ಪುಡಿಯಾಗಿ ಗೋಲಿಯ ಹಾಗೆ ಉರುಳುತ್ತೆ, ಮುಂದಿನ ಚಕ್ರ ಜಾರಿದರೆ ಹಿಡಿತ ಸಿಗೋದಿಲ್ಲ, ಬಿದ್ದರೆ ತಲೆ ಹೋಗೋದು ದರೆಗೆ. ಹತ್ತು ಮೀಟರ್ ಬಿಟ್ಟು, ನಡುವೆ ಅಡಿಕೆ ಸಿಪ್ಪೆ ಅಥವಾ ಹುಲ್ಲು ತುಂಬಿದ ಗೋಣಿಚೀಲ ಜೋಡಿಸಿ. ಮಣ್ಣು ತುಂಬಿದ ಚೀಲ ಬೇಡ, ಅದು ಗೋಡೆಯಷ್ಟೇ ಗಟ್ಟಿ.

ನೀರು ಹಾಕೋದು ಹಿಂದಿನ ಸಂಜೆ. ಭತ್ತದ ಗದ್ದೆಯಲ್ಲಿ ಮೇಲಿನ ಒಂದು ಗೇಣು ಮಣ್ಣಿನ ಕೆಳಗೆ ವರ್ಷಗಟ್ಟಲೆ ಉತ್ತು ಕೆಸರು ಮಾಡಿ ಗಟ್ಟಿಯಾದ ಪದರ ಇರುತ್ತೆ. ಬೆಳಿಗ್ಗೆ ನೀರು ಹಾಕಿದರೆ ಮೇಲೆ ಅರ್ಧ ಇಂಚು ಮಾತ್ರ ಒದ್ದೆಯಾಗಿ ಸಾಬೂನಿನ ಹಾಗೆ ಜಾರುತ್ತೆ, ಎರಡು ಹೀಟ್ ಕಳೆದ ಮೇಲೆ ಮತ್ತೆ ಧೂಳು. ಸಂಜೆ 5,000 ಲೀಟರಿನ ಎರಡು ಟ್ಯಾಂಕರ್ ನಿಧಾನ ಬಿಟ್ಟರೆ ರಾತ್ರಿಯಲ್ಲಿ ಇಳಿದು ಬೆಳಿಗ್ಗೆ ಹದಕ್ಕೆ ಬರುತ್ತೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅದು ಹದ.

ಸಸ್ಪೆನ್ಷನ್‌ಗೆ ಬಂದರೆ, ಆರ್‌ಎಕ್ಸ್‌ನ ಫೋರ್ಕ್‌ಗೆ ಸ್ಟಾಕ್‌ಗಿಂತ (ಕಂಪನಿಯದ್ದಕ್ಕಿಂತ) ದಪ್ಪದ 15ಡಬ್ಲ್ಯು ಆಯಿಲ್, ಸ್ಪ್ರಿಂಗ್ ಮೇಲೆ 15ರಿಂದ 20 ಎಂಎಂ ಪಿವಿಸಿ ಪೈಪಿನ ತುಂಡು. ತುಂಡು ಎರಡೂ ಕಡೆ ಒಂದೇ ಅಳತೆಯಾಗಿ ಲೇತ್‌ನಲ್ಲಿ ಕತ್ತರಿಸಿದ್ದಾಗಿರಲಿ. ಹಿಂದೆ ಉದ್ದ ಶಾಕ್ ಹಾಕಿದರೆ ಚೈನ್ ಸಡಿಲ ಅಳೆಯುವ ಜಾಗ ತಪ್ಪುತ್ತೆ. ಶಾಕ್ ಒಂದು ಬೋಲ್ಟ್ ಬಿಚ್ಚಿ, ಸ್ವಿಂಗ್ ಆರ್ಮನ್ನು ಎತ್ತಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ನೋಡಿ. ಚೈನ್ ಅತಿ ಬಿಗಿಯಾಗೋದು ಅಲ್ಲಿ. ಅಲ್ಲಿ ಬೆರಳಿಗೆ ಅರ್ಧ ಇಂಚು ಆಡಬೇಕು. ಇದನ್ನು ಬಿಟ್ಟು ಸ್ಟ್ಯಾಂಡ್ ಮೇಲೆ ನೋಡಿ ಬಿಗಿ ಮಾಡಿದವರ ಗೇರ್‌ಬಾಕ್ಸ್ ಬೇರಿಂಗ್ ಒಡೆಯುತ್ತೆ, ಚೈನಲ್ಲ.

ಸ್ವಿಂಗ್ ಆರ್ಮ್‌ನ ಬುಷ್ ಸವೆದಿದ್ದರೆ ಗನ್‌ಮೆಟಲ್ ಬುಷ್ ತಿರುಗಿಸಿ ಹಾಕಿಸಿ, ಗ್ರೀಸ್ ನಿಪ್ಪಲ್ ಇಡಿಸಿ. ಆರ್‌ಎಕ್ಸ್‌ನ ಚಾಸಿ ಬಿರುಕು ಬಿಡೋದು ಮೂರು ಕಡೆ: ಹ್ಯಾಂಡಲ್ ಕತ್ತಿನ ಕೆಳಗೆ, ಶಾಕ್‌ನ ಮೇಲಿನ ಹಿಡಿತ, ಫುಟ್‌ರೆಸ್ಟ್ ಬುಡ. ಮೊದಲ ಎರಡಕ್ಕೆ 3 ಎಂಎಂ ತ್ರಿಕೋನ ಪ್ಲೇಟ್ ಸಾಕು. ರೇಸ್ ಮುಗಿದ ಮೇಲೆ ಆ ಜಾಗ ತೊಳೆದು ಸೀಮೆಎಣ್ಣೆ ಹಚ್ಚಿ, ಒರೆಸಿ ತೆಗೆದು, ಮೇಲೆ ಚಾಕ್ ಪುಡಿ ಹಚ್ಚಿ ಬಿಡಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಹೊರಬಂದು ಬಿಳಿ ಮೇಲೆ ಕಪ್ಪು ಗೆರೆ ಬೀಳುತ್ತೆ.

ಏರ್ ಫಿಲ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ಕೆಮ್ಮಣ್ಣಿನ ಧೂಳು ಉಪ್ಪು ಕಾಗದದ ಹಾಗೆ ಬೋರ್ ಉಜ್ಜುತ್ತೆ. ಸ್ಟಾಕ್ ಫಿಲ್ಟರ್ ಬದಲು ಫೋಮ್ ಹಾಕಿ. ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಸೋಪು ನೀರು, ಹಿಂಡದೆ ಒತ್ತಿ, ನೆರಳಲ್ಲಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ. ಅಂಚಿಗೆ ಗ್ರೀಸ್ ಬಳಿದು ಕೂರಿಸಿ. ರೇಸಿಗೆ ಎರಡು ಫೋಮ್ ಬೇಕು, ಊಟದ ಹೊತ್ತಿಗೆ ಬದಲಿಸಲು.


ಹಳದಿ ಬಾವುಟ (ಚಿಕ್ಕಮಗಳೂರು)

ಊರವರಿಗೆ ತಿಳಿಸುವ ವಿಷಯಕ್ಕೆ ಉತ್ತರ ಕೊಡ್ತೇನೆ. ಪೋಸ್ಟರ್‌ಗಿಂತ ಮುಂಚೆ ಅನುಮತಿ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಮಾಡಿದರೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಿಮ್ಮದು ಖಾಸಗಿ ಗದ್ದೆ, ಆದರೂ ಜನ ಸೇರುವ ಕಾರ್ಯಕ್ರಮ. ಠಾಣೆ, ಗ್ರಾಮ ಪಂಚಾಯಿತಿ, ತಹಶೀಲ್ದಾರ್ ಮೂವರಿಗೂ ಜಾಗದ ಪಹಣಿ, ಟ್ರ್ಯಾಕಿನ ಕೈನಕ್ಷೆ, ಆಂಬುಲೆನ್ಸ್ ಬರುವ ದಾರಿ, ಹತ್ತಿರದ ಆಸ್ಪತ್ರೆ ಬರೆದ ಅರ್ಜಿ ಕೊಡಿ. ನಕ್ಷೆಯಲ್ಲಿ ಜನ ನಿಲ್ಲುವ ಜಾಗ ಬಣ್ಣದಲ್ಲಿ ತೋರಿಸಿ, ತಿರುವಿನ ಹೊರಬದಿಯಲ್ಲಿ ಎಂದೂ ಬೇಡ. ಧ್ವನಿವರ್ಧಕಕ್ಕೆ ಬೇರೆ ಅನುಮತಿ. ಜಾಗ ಅರಣ್ಯದ ಗಡಿಗೆ ತಾಗಿದ್ದರೆ ಮೊದಲು ಅರಣ್ಯ ಇಲಾಖೆ ಕಚೇರಿಗೆ ಹೋಗಿ ಸರ್ವೆ ನಂಬರ್ ತೋರಿಸಿ ಬನ್ನಿ. ನಮ್ಮ ಕಡೆ ಕಾರ್ಯಕ್ರಮ ಕೊನೆಯ ದಿನ ನಿಲ್ಲೋದಕ್ಕೆ ಅದಕ್ಕಿಂತ ದೊಡ್ಡ ಕಾರಣ ಇಲ್ಲ. ಅಧಿಕೃತ ಸ್ಪರ್ಧೆ ಆಗಬೇಕಾದರೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಮಾನ್ಯತೆ ಇರುವ ಕ್ಲಬ್ ಮೂಲಕ ಹೋಗಿ, ಲೈಸೆನ್ಸ್, ನಿಯಮ ಎಲ್ಲ ಒಂದು ದಾರಿಗೆ ಬರುತ್ತೆ. ಸಾಮಾನ್ಯ ಬೈಕ್ ವಿಮೆ ರೇಸಿಗೆ ಅನ್ವಯಿಸೋದಿಲ್ಲ, ಓಡಿಸುವವರಿಗೆ ಆ ದಿನದ ಅಪಘಾತ ವಿಮೆ ಪ್ರತ್ಯೇಕ ಮಾಡಿಸಿ.

ಫೆಬ್ರವರಿ ಅಂದಿರಿ. ಮಂಗನ ಕಾಯಿಲೆಯ ಕಾಲ ಅದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಅದು ಪತ್ತೆಯಾದದ್ದು. ಬೇಸಿಗೆ ತಿಂಗಳುಗಳಲ್ಲಿ ಉಣುಗು ಹೆಚ್ಚು. ನೆರಳಿದೆ ಅಂತ ಜನರನ್ನು ಕಾಡಿನ ಅಂಚಲ್ಲಿ ತರಗೆಲೆ ಮೇಲೆ ಕೂರಿಸಬೇಡಿ. ಗದ್ದೆ ನಡುವೆ ಶಾಮಿಯಾನ ಹಾಕಿ, ತರಗು ಗುಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಬಾಗಿಲಲ್ಲೇ ಇಡಿ. ಆರೋಗ್ಯ ಕೇಂದ್ರದವರನ್ನು ಮೊದಲೇ ಸೇರಿಸಿಕೊಂಡ ಕಾರ್ಯಕ್ರಮ ಅಂದರೆ ಪಂಚಾಯಿತಿಯವರ ಮಾತಿನ ದನಿಯೇ ಬದಲಾಗುತ್ತೆ.

ಜನ ಈ ಆಟವನ್ನು ಪುಂಡಾಟ ಅಂದುಕೊಳ್ಳೋದು ಸದ್ದಿನಿಂದ. ಆದ್ದರಿಂದ ಮೊದಲ ನಿಯಮ, ಸೈಲೆನ್ಸರ್ ಇಲ್ಲದ ಗಾಡಿಗೆ ಪ್ರವೇಶ ಇಲ್ಲ. ಎರಡನೆಯದು, ಎಲ್ಲ ಗಾಡಿಯೂ ಪಿಕಪ್‌ನಲ್ಲೇ ಬರಬೇಕು, ರಸ್ತೆಯಲ್ಲಿ ಓಡಿಸಿಕೊಂಡು ಬಂದರೆ ಅನರ್ಹ. ಈ ಎರಡನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಾಗಿಲಲ್ಲಿ ಕಟ್ಟಿ. ಪರಿಶೀಲನೆಯನ್ನು ಜನರ ಎದುರೇ ಮಾಡಿ: ಲಿವರ್ ತುದಿಗೆ 16 ಎಂಎಂ ಗುಂಡು, ಹ್ಯಾಂಡಲ್ ತುದಿಗೆ ಬಿರಡೆ, ಮಡಚುವ ಫುಟ್‌ರೆಸ್ಟ್, ಬಿದ್ದರೆ ಇಂಜಿನ್ ನಿಲ್ಲಿಸುವ ದಾರದ ಸ್ವಿಚ್, ಸ್ಟ್ಯಾಂಡ್ ಮತ್ತು ಗಾಜು ತೆಗೆದಿರೋದು. ಇದನ್ನೆಲ್ಲ ಕಣ್ಣೆದುರು ನೋಡಿದ ತಂದೆತಾಯಿಗೆ ಇದು ಶಿಸ್ತಿನ ಆಟ ಅಂತ ನಾವು ಬಾಯಿಬಿಟ್ಟು ಹೇಳಬೇಕಾಗೋದಿಲ್ಲ.

ಪ್ರತಿ ಗಾಡಿ ಪಕ್ಕ ಒಂದು ಹಲಗೆ ಇಡಿ: ಹೆಸರು, ವರ್ಷ, ಎಲ್ಲಿ ತಯಾರಾಯಿತು, ಎಷ್ಟು ಸಿಸಿ, ಇವತ್ತು ಬಿಡಿಭಾಗ ಎಲ್ಲಿಂದ ಬರುತ್ತೆ. ಯೆಜ್ಡಿ ಹಲಗೆಯಲ್ಲಿ, ಜಾವಾ ಹುಟ್ಟಿದ ಅದೇ ಚೆಕೊಸ್ಲೊವಾಕಿಯಾದ ಸಿಝಡ್ ಬೈಕಿನಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964, 1968, 1969ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ ಅಂತ ಬರೆಯಿರಿ. ಹಾಲು ಕೊಡಲು ಯೆಜ್ಡಿ ಓಡಿಸುತ್ತಿದ್ದ ಹಿರಿಯರು ಅದನ್ನು ಓದಿದರೆ ಅಲ್ಲೇ ನಿಂತು ಮಾತಿಗಿಳಿಯುತ್ತಾರೆ. ಅಂಥವರನ್ನು ಕರೆದು ಬಾವುಟ ಬೀಸಿಸಿ. ಕಾಮೆಂಟರಿ ಕನ್ನಡದಲ್ಲೇ ಇರಲಿ, ಯಾರು ಮುಂದೆ ಅನ್ನೋದರ ಜೊತೆ ಯಾಕೆ ಅನ್ನೋದನ್ನೂ ಹೇಳುವವರು ಬೇಕು.

ಹೊಸ ಜನ ಬೇಕಾದರೆ ಅವರು ಈಗಾಗಲೇ ಸೇರುವ ಜಾಗಕ್ಕೆ ಗಾಡಿ ಒಯ್ಯಿರಿ. ಮಳೆಗಾಲದ ಕೆಸರುಗದ್ದೆ ಆಟಕ್ಕೆ ಇಡೀ ಊರು ಬರುತ್ತೆ, ಅಲ್ಲಿ ಗಾಡಿ ನಿಲ್ಲಿಸಿ ತೋರಿಸಿ, ಓಡಿಸಬೇಡಿ. ಜುಲೈ ಎರಡನೇ ಭಾನುವಾರ ಜಾವಾ ದಿನ, ಆ ವಾರ ಐಟಿಐ ಹುಡುಗರ ಮುಂದೆ ಒಂದು ಇಂಜಿನ್ ಬಿಚ್ಚಿ ಕಟ್ಟಿ ತೋರಿಸಿ. ನೀಲಿಹೊಗೆಯವರ ಜಾಡಿ ಪರೀಕ್ಷೆ ಅಲ್ಲಿಗೆ ಹೇಳಿ ಮಾಡಿಸಿದ್ದು. ಅಂಗಡಿಯವರ ಹತ್ತಿರ ನಗದು ಕೇಳುವ ಬದಲು ಸಾಮಾನು ಕೇಳಿ. ಟೂಟಿ ಆಯಿಲ್ ಡಬ್ಬ, ಪ್ಲಗ್, ಚೈನ್ ಸೆಟ್. ಅವರಿಗೆ ಕೊಡಲು ಹಗುರ, ಓಡಿಸುವವರಿಗೆ ನೇರ ಉಪಯೋಗ.

ಬಾವುಟ ಹಿಡಿಯುವವರಿಗೆ ಒಂದು ದಿನ ಮೊದಲೇ ಅಭ್ಯಾಸ ಮಾಡಿಸಿ. ಹಳದಿ ಬೀಸಿದರೆ ಮುಂದೆ ಯಾರೋ ಬಿದ್ದಿದ್ದಾರೆ, ನಿಧಾನ, ಹಿಂದಿಕ್ಕುವಂತಿಲ್ಲ. ಪ್ರತಿ ತಿರುವಿಗೂ ಒಬ್ಬರು ಕಡ್ಡಾಯ, ಒಬ್ಬರಿಗೊಬ್ಬರು ಕಾಣುವಂತೆ. ಅಷ್ಟು ಜನ ಸಿಗದಿದ್ದರೆ ತಿರುವು ಕಮ್ಮಿ ಮಾಡಿ.


ತುಂಗಾತೀರ

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ನೀಲಿಹೊಗೆ ಸರ್, ಒಂದೇ ಅನುಮಾನ. ಬಿಪಿ ಬುರುಡೆಯ ಪರೀಕ್ಷೆಗೆ ಇನ್‌ಟೇಕ್, ಎಕ್ಸಾಸ್ಟ್ ಮುಚ್ಚೋದು ಹೇಗೆ? ಪಿಸ್ಟನ್ ಎಲ್ಲಿರಬೇಕು?


ನೀಲಿಹೊಗೆ (ಸಾಗರ)

ಆರ್‌ಎಕ್ಸ್‌ನಲ್ಲಿ ಪಿಸ್ಟನ್ ಪೂರ್ತಿ ಕೆಳಗೆ, ಆಗ ಪೋರ್ಟ್‌ಗಳು (ಬ್ಯಾರಲ್ ಗೋಡೆಯ ಕಿಂಡಿಗಳು) ತೆರೆದು ಮೇಲೂ ಕೆಳಗೂ ಒಟ್ಟಿಗೆ ಪರೀಕ್ಷೆ ಆಗುತ್ತೆ. ಪ್ಲಗ್ ಬಿಗಿಯಾಗಿರಲಿ. ಎಕ್ಸಾಸ್ಟ್‌ಗೆ ಲಾರಿ ಟ್ಯೂಬಿನ ರಬ್ಬರ್ ತುಂಡು, ಮೇಲೆ ಕಬ್ಬಿಣದ ಪಟ್ಟಿ, ಸೈಲೆನ್ಸರ್ ಬೋಲ್ಟಿನಿಂದಲೇ ಬಿಗಿ ಮಾಡಿ. ಯೆಜ್ಡಿಗೆ ಎಕ್ಸಾಸ್ಟ್ ಎರಡು, ಅಲ್ಲಿ ಬೋಲ್ಟ್ ಹಿಡಿತ ಇಲ್ಲ, ಪ್ರತಿಯೊಂದಕ್ಕೂ ರಬ್ಬರ್ ಬಿರಡೆ ಬೇಕು. ಇನ್‌ಟೇಕ್‌ಗೆ ಕಾರ್ಬರೇಟರ್ ತೆಗೆದು, ಅದರ ರಬ್ಬರ್ ಮೂತಿಗೆ ಸರಿಯಾದ ಗಾತ್ರದ ನೈಲಾನ್ ಬಿರಡೆ ಲೇತ್‌ನಲ್ಲಿ ಮಾಡಿಸಿ, ನಡುವೆ ತೂತು ಕೊರೆದು ಟ್ಯೂಬಿನ ವಾಲ್ವ್ ಕೂರಿಸಿ, ಪಿನ್ ತೆಗೆದು ಬಿಪಿ ಪೈಪು ಸೇರಿಸಿ. ಡಯಲ್ 300ಕ್ಕೆ ಏರಿಸಿ ಬಿಡಿ. ಇಳಿಯುತ್ತಿದ್ದರೆ ಮೊದಲು ನಿಮ್ಮ ಬಿರಡೆಗಳ ಸುತ್ತಲೇ ಸೋಪು ನೀರು ಹಚ್ಚಿ ನೋಡಿ, ಹೆಚ್ಚಿನ ಸಲ ಗುಳ್ಳೆ ಬರೋದು ಅಲ್ಲಿಂದಲೇ. ಅಲ್ಲಿ ಇಲ್ಲದಿದ್ದರೆ ಮ್ಯಾಗ್ನೆಟ್ ಬಿಚ್ಚಿ ಸೀಲ್ ಅಂಚು, ಬ್ಯಾರಲ್ ಬುಡದ ಗ್ಯಾಸ್ಕೆಟ್, ಕ್ರ್ಯಾಂಕ್ ಕೇಸ್ ಎರಡು ಭಾಗ ಕೂಡುವ ಗೆರೆ, ಈ ಕ್ರಮದಲ್ಲಿ. ಗುಳ್ಳೆ ಎಲ್ಲೂ ಕಾಣದೆ ಡಯಲ್ ಮಾತ್ರ ಇಳಿಯುತ್ತಿದ್ದರೆ ಗೇರ್ ಆಯಿಲ್ ತುಂಬುವ ಮುಚ್ಚಳ ತೆಗೆದು ಆ ತೂತಿಗೆ ಸೋಪಿನ ಪೊರೆ ಹಚ್ಚಿ. ಪೊರೆ ಉಬ್ಬಿದರೆ ಹೋಗಿರೋದು ಕ್ಲಚ್ ಕಡೆಯ ಸೀಲ್.